ದೇವನಿಂದೆಯೂ ದಂಡನೀತಿಯೂ: ಬ್ರಹ್ಮಗಿರಿಯಿಂದ ಇಂದಿನ ನ್ಯಾಯಸಂಹಿತೆಯವರೆಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಲೇಖಗಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ರಾಜಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಆಜ್ಞೆಯಲ್ಲಿ ಮಾತಾಪಿತೃಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ, ಶಿಷ್ಯನು ಆಚಾರ್ಯನಲ್ಲಿ ತೋರಬೇಕಾದ ಗೌರವ, ಇವು ಪುರಾತನ ಮರ್ಯಾದೆಗಳೆಂದು ಹೇಳಿದೆ. ಮೀರಿದವನಿಗೆ ಇಂಥ ದಂಡವೆಂಬ ಮಾತು ಮಾತ್ರ ಅಲ್ಲಿಲ್ಲ. ಅದೇ ಚಕ್ರವರ್ತಿಯ ಹನ್ನೆರಡನೆಯ ಶಿಲಾಶಾಸನದಲ್ಲಿ ವಾಕ್‌ಸಂಯಮದ ಉಪದೇಶವಿದೆ. ಸ್ವಮತವನ್ನು ಅತಿಯಾಗಿ ಹೊಗಳಬಾರದು, ಪರಮತವನ್ನು ಅಕಾರಣವಾಗಿ ಹಳಿಯಬಾರದು ಎಂಬುದು ಅದರ ತಾತ್ಪರ್ಯ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಈ ಶಾಸನದ ಒಂದು ಪ್ರತಿ ದೇವಿಯ ಪೀಠಶಿಲೆಯಾಗಿ ಉಳಿದು ಬಂದಿತ್ತು. ಅಲ್ಲಿಯೂ ದಂಡವಿಧಿಯಿಲ್ಲ. ಹಾಗಾದರೆ ದೇವತೆಯನ್ನೋ ಪೂಜ್ಯಚಿಹ್ನವನ್ನೋ ಒಬ್ಬನು ಅವಹೇಳನಮಾಡಿದಾಗ ರಾಜನು ಏನು ಮಾಡತಕ್ಕದ್ದು? ಜಾಲತಾಣದ ಚಿತ್ರವೊಂದು ಕ್ಷಣಮಾತ್ರದಲ್ಲಿ ಊರೂರಿಗೆ ಹರಡುವ ಈ ಕಾಲದಲ್ಲಿ ಈ ಪ್ರಶ್ನೆಯ ಪೂರ್ವೋತ್ತರವನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ನಮ್ಮ ಧರ್ಮಶಾಸ್ತ್ರಕಾರರು ಈ ಅಪರಾಧವನ್ನು 'ವಾಕ್ಪಾರುಷ್ಯ'ವೆಂಬ ವ್ಯವಹಾರಪದದಲ್ಲಿ ಸೇರಿಸಿದ್ದಾರೆ. ಕೌಟಿಲ್ಯನ ಮತದಂತೆ ದೇಶವನ್ನೂ ಗ್ರಾಮವನ್ನೂ ನಿಂದಿಸಿದವನಿಗೆ ಪೂರ್ವಸಾಹಸ, ಜಾತಿಯನ್ನೂ ಸಂಘವನ್ನೂ ನಿಂದಿಸಿದವನಿಗೆ ಮಧ್ಯಮಸಾಹಸ, ದೇವತೆಗಳನ್ನೂ ಚೈತ್ಯಗಳನ್ನೂ ನಿಂದಿಸಿದವನಿಗೆ ಉತ್ತಮಸಾಹಸವು ದಂಡವು. ಉತ್ತಮಸಾಹಸವೆಂದರೆ ಅವನ ಲೆಕ್ಕದಲ್ಲಿ ೫೦೦ರಿಂದ ೧,೦೦೦ ಪಣ. ಯಾಜ್ಞವಲ್ಕ್ಯನೂ ತ್ರೈವಿದ್ಯರು, ರಾಜ, ದೇವತೆ, ಇವರ ನಿಂದೆಗೆ ಉತ್ತಮಸಾಹಸವನ್ನೇ ವಿಧಿಸಿದ್ದಾನೆ. ಅವನ ಲೆಕ್ಕದಲ್ಲಿ ಅದು ೧,೦೮೦ ಪಣ. ಈ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನಾದುದರಿಂದ ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಅಪಹಾಸ್ಯದ ಸ್ವರೂಪವನ್ನು ಶಾಸ್ತ್ರಕಾರರು ಸೂಕ್ಷ್ಮವಾಗಿ ಅರಿತಿದ್ದರು. ಅಂಗಹೀನರನ್ನೂ ರೋಗಿಗಳನ್ನೂ ಸತ್ಯವಾಗಿಯಾಗಲಿ ಅಸತ್ಯವಾಗಿಯಾಗಲಿ 'ಅನ್ಯಥಾಸ್ತೋತ್ರ'ದಿಂದಾಗಲಿ, ಎಂದರೆ ಹೊಗಳಿದಂತೆ ಮಾಡಿ ಹಳಿಯುವ ವಕ್ರೋಕ್ತಿಯಿಂದಾಗಲಿ, ಹೀಯಾಳಿಸಿದವನಿಗೆ ಯಾಜ್ಞವಲ್ಕ್ಯನು ಹನ್ನೆರಡೂವರೆ ಪಣದ ದಂಡವನ್ನು ಹೇಳಿದ್ದಾನೆ. ಇಂದು ಚಿತ್ರಕ್ಕೆ ನಗೆಮಾತನ್ನು ಅಂಟಿಸಿ ಹರಡುವ ಪದ್ಧತಿಯು ಈ ಅನ್ಯಥಾಸ್ತೋತ್ರದ ಜಾತಿಯದೇ ಸರಿ. ಎರಡನೆಯದು, ಕರ್ತೃವಿನ ಮನಸ್ಸನ್ನೂ ಅವರು ಎಣಿಕೆಗೆ ತಂದುಕೊಂಡಿದ್ದರು. ಪ್ರಮಾದ, ಮದ, ಮೋಹಗಳಿಂದ ಆಡಿದ ಮಾತಿಗೆ ಅರ್ಧದಂಡವೆಂದು ಕೌಟಿಲ್ಯನ ನಿಯಮ. ಆದರೆ ಇದೇ ಪ್ರಕರಣಗಳಲ್ಲಿ ವರ್ಣಭೇದದಿಂದ ದಂಡಭೇದವನ್ನೂ ಹೇಳಿರುವುದನ್ನು ಮರೆಮಾಚುವುದು ಪಂಡಿತಧರ್ಮವಲ್ಲ. ನಿಂದಿಸಿದವನು ಯಾರು, ನಿಂದಿತನು ಯಾರು ಎಂಬುದರ ಮೇಲೆ ಪಣಗಳು ಏರುತ್ತಲೂ ಇಳಿಯುತ್ತಲೂ ಇದ್ದುವು. ಆ ಅಂಶವು ತ್ಯಾಜ್ಯವೆಂಬುದರಲ್ಲಿ ಸಂಶಯವಿಲ್ಲ.

ಕ್ರಿ.ಶ. ೧೩೬೮ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನವು ಬೇರೊಂದು ಮಾರ್ಗವನ್ನು ತೋರಿಸುತ್ತದೆ. ಜೈನರಿಗೂ ವೈಷ್ಣವರಿಗೂ ವಿವಾದವುಂಟಾಗಲು, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಕಲಶಗಳು ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕವೆಂದು ನಿರ್ಣಯಿಸಿದನು. ವಿವಾದವು ಚಿಹ್ನಗಳದು, ರಕ್ಷಣೆಯನ್ನು ಪಡೆದವರು ಸಂಖ್ಯೆಯಲ್ಲಿ ಅಲ್ಪರು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯೂ ಸಂಘ ಸಮುದಾಯಗಳ ದ್ರೋಹಿಯೂ ಆಗುವನೆಂದು ಶಾಸನವು ಎಚ್ಚರಿಸುತ್ತದೆ.

ಇನ್ನು ಇಂದಿನ ಶಾಸನಕ್ರಮ. ೧೮೬೦ರ ಭಾರತೀಯ ದಂಡಸಂಹಿತೆಯ ೨೯೫ನೆಯ ಕಲಮು ಪೂಜಾಸ್ಥಾನಗಳ ಮತ್ತು ಪವಿತ್ರವಸ್ತುಗಳ ಭಂಗವನ್ನೂ, ೨೯೮ನೆಯದು ಧಾರ್ಮಿಕಭಾವನೆಯನ್ನು ನೋಯಿಸುವ ಉದ್ದೇಶದಿಂದಾಡಿದ ಮಾತನ್ನೂ ದಂಡಾರ್ಹವೆಂದಿತು. ೧೯೨೭ರಲ್ಲಿ ಪ್ರವಾದಿ ಮಹಮ್ಮದರನ್ನು ಕುರಿತ ನಿಂದಾಗ್ರಂಥವೊಂದರ ಪ್ರಕಾಶಕನು ಲಾಹೋರಿನ ಹೈಕೋರ್ಟಿನಲ್ಲಿ ಬಿಡುಗಡೆ ಹೊಂದಿದುದರಿಂದ ಎದ್ದ ಕ್ಷೋಭೆಯ ಫಲವಾಗಿ ಅದೇ ವರ್ಷ ೨೯೫-ಎ ಕಲಮು ಹುಟ್ಟಿತು. ಆ ಪ್ರಕಾಶಕನು ೧೯೨೯ರಲ್ಲಿ ಕೊಲೆಗೀಡಾದನು. ಮುಸಲ್ಮಾನರ ನೋವಿನಿಂದ ಜನಿಸಿದ ಕಲಮನ್ನೇ ಇಂದು ಹಿಂದೂಗಳೂ ಆಶ್ರಯಿಸುತ್ತಿರುವುದು ವಿಚಾರಯೋಗ್ಯ. ಎರಡು ವರ್ಷವಾಗಿದ್ದ ಪರಮಾವಧಿ ಶಿಕ್ಷೆಯು ೧೯೬೧ರಲ್ಲಿ ಮೂರು ವರ್ಷವಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಇದು ೨೯೯ನೆಯ ಕಲಮು; ವಿದ್ಯುನ್ಮಾನ ಸಾಧನಗಳ ಮೂಲಕ ಮಾಡಿದ ಅವಮಾನವೂ ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಹಳೆಯ ೨೯೫, ೨೯೮ನೆಯ ಕಲಮುಗಳು ಕ್ರಮವಾಗಿ ೨೯೮, ೩೦೨ ಆಗಿವೆ.

ಪವಿತ್ರವಸ್ತುವೆಂದರೇನು? ತಿರುಚಿರಾಪಳ್ಳಿಯಲ್ಲಿ ೧೯೫೩ರಲ್ಲಿ ಇ. ವಿ. ರಾಮಸ್ವಾಮಿ ನಾಯ್ಕರ್ ಅವರು ಮಣ್ಣಿನ ಗಣೇಶಮೂರ್ತಿಯನ್ನು ಒಡೆದ ಮೊಕದ್ದಮೆಯಲ್ಲಿ, ವಸ್ತುವಿನ ಬೆಲೆ ಎಷ್ಟೇ ಅಲ್ಪವಾಗಿರಲಿ, ಒಂದು ವರ್ಗವು ಅದನ್ನು ಪವಿತ್ರವೆಂದು ಭಾವಿಸಿದರೆ ಸಾಕೆಂದು ಸುಪ್ರೀಂ ಕೋರ್ಟು ೧೯೫೮ರಲ್ಲಿ ಹೇಳಿತು. ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಮ್ಯಾಸನಾಯಕರು ದೇವರ ಎತ್ತುಗಳನ್ನು ನೇಗಿಲಿಗೆ ಹೂಡದೆ, ಮಾರದೆ, ಕಿಲಾರಿಗಳ ಕೈಯಲ್ಲಿ ಸಾಕಿಸುತ್ತಾರಷ್ಟೆ. ೧೮೮೭ರಲ್ಲಿ ಅಲಹಾಬಾದಿನ ಹೈಕೋರ್ಟಿನ ಪೂರ್ಣಪೀಠವು ೨೯೫ನೆಯ ಕಲಮಿನ 'ವಸ್ತು' ಎಂಬ ಶಬ್ದಕ್ಕೆ ಸಜೀವಪ್ರಾಣಿಗಳು ಒಳಪಡವೆಂದಿತು. ಈ ಅರ್ಥವನ್ನು ಹಿಡಿದರೆ ದೇವರ ಎತ್ತು ಆ ಕಲಮಿನ ವಸ್ತುವಾಗದು. ಆದರೆ ಅದನ್ನು ನೆವಮಾಡಿಕೊಂಡು ಒಂದು ವರ್ಗದ ಶ್ರದ್ಧೆಯನ್ನೇ ದ್ವೇಷದಿಂದ ಹೀಯಾಳಿಸುವ ಚಿತ್ರವನ್ನು ೨೯೯ನೆಯ ಕಲಮಿನಲ್ಲಿ ವಿಚಾರಿಸಬಹುದು.

ಹಾಗೆಂದು ನೊಂದವರ ನೋವೇ ಅಪರಾಧಕ್ಕೆ ಪ್ರಮಾಣವಲ್ಲ. ೨೯೫-ಎ ಕಲಮು ಸಂವಿಧಾನಸಮ್ಮತವೆಂದು ೧೯೫೭ರಲ್ಲಿ ರಾಮ್‌ಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟು, ಬುದ್ಧಿಪೂರ್ವಕವಾದ ದ್ವೇಷದಿಂದ ಮಾಡಿದ ಉಗ್ರವಾದ ಅವಮಾನ ಮಾತ್ರವೇ ಅದಕ್ಕೆ ವಿಷಯವೆಂದಿತು. ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ್ ಧೋನಿಯವರನ್ನು ವಿಷ್ಣುವಿನಂತೆ ಚಿತ್ರಿಸಿದ ೨೦೧೩ರ ಪತ್ರಿಕೆಯೊಂದರ ಮುಖಪುಟದ ಮೇಲೆ, ಮೊಳಕಾಲ್ಮುರಿನ ನೆರೆಯ ಅನಂತಪುರದಲ್ಲಿ ಹೂಡಿದ್ದ ಮೊಕದ್ದಮೆಯನ್ನು ಅದೇ ನ್ಯಾಯಾಲಯವು ೨೦೧೭ರಲ್ಲಿ ರದ್ದುಗೊಳಿಸಿತು. ಅಜಾಗರೂಕತೆಯಿಂದಾದ ಅವಮಾನವು ಈ ಕಲಮಿಗೆ ಸೇರದೆಂಬುದೇ ಕಾರಣ. ಕೌಟಿಲ್ಯನು ಪ್ರಮಾದಕ್ಕೆ ಅರ್ಧದಂಡವನ್ನು ಇಟ್ಟನು. ಇಂದಿನ ನ್ಯಾಯವು ಪೂರ್ಣವಾಗಿ ಬಿಟ್ಟಿತು. ಜಾಲತಾಣದ ಮಾತುಗಳಿಗೆ ಅನ್ವಯಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಎ ಕಲಮನ್ನೂ ಅಸ್ಪಷ್ಟತೆಯ ದೋಷದಿಂದ ೨೦೧೫ರ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟು ತೊಡೆದುಹಾಕಿತು. ೨೯೯ನೆಯ ಕಲಮಿನ ಮೊಕದ್ದಮೆಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ನ್ಯಾಯಾಲಯವು ವಿಚಾರಣೆಗೆ ಅಂಗೀಕರಿಸುವಂತಿಲ್ಲ.

ಆದರೂ ಕಷ್ಟವು ತೀರ್ಪಿನವರೆಗೆ ಕಾಯುವುದಿಲ್ಲ. ಈ ಅಪರಾಧದಲ್ಲಿ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು; ಜಾಮೀನು ಹಕ್ಕಿನಿಂದ ದೊರೆಯತಕ್ಕದ್ದಲ್ಲ. ಬಂದ ಚಿತ್ರವನ್ನು ನೋಡದೆ ಮುಂದಕ್ಕೆ ಕಳುಹಿಸಿದ ಹುಡುಗನು ಕೊನೆಗೆ ನಿರ್ದೋಷಿಯೆನಿಸಬಹುದು. ಅಷ್ಟರಲ್ಲಿ ಅವನ ಓದು ಕೆಟ್ಟಿರಬಹುದು. ಮತ್ತೊಂದು ಕಡೆ, ೨೦೨೦ರ ಆಗಸ್ಟ್ ೧೧ರಂದು ಬೆಂಗಳೂರಿನಲ್ಲಿ ಪ್ರವಾದಿಯನ್ನು ಕುರಿತ ಜಾಲತಾಣದ ಬರಹವೊಂದರಿಂದ ಗಲಭೆಯಾಗಿ ಜೀವಹಾನಿಯಾಯಿತು. ಯಾವ ಮತದವರೇ ಆಗಲಿ, ದಂಡವನ್ನು ಗುಂಪು ಕೈಗೆ ತೆಗೆದುಕೊಂಡರೆ ಶಾಸನವು ಇದ್ದೂ ಇಲ್ಲದಂತೆ.

ಪೂರ್ವಪಕ್ಷವನ್ನು ಸಾಂಗವಾಗಿ ನಿರೂಪಿಸಿ ಖಂಡಿಸುವುದು ನಮ್ಮ ಶಾಸ್ತ್ರಪರಂಪರೆ. ವಚನಕಾರರೂ ದಾಸರೂ ಆಚಾರದ ಪೊಳ್ಳನ್ನು ನಿಷ್ಠುರವಾಗಿಯೇ ಎತ್ತಿ ತೋರಿಸಿದರು. ಅದು ನಿಂದೆಯಲ್ಲ, ವಿಮರ್ಶೆ. ಈ ವಿವೇಕವನ್ನು ಕಲಿಸತಕ್ಕವರು ಮೊದಲು ಸಾಹಿತ್ಯದ ಉಪಾಧ್ಯಾಯರು, ಬಳಿಕ ನ್ಯಾಯಾಧೀಶರು. ಬ್ರಹ್ಮಗಿರಿಯ ಬಂಡೆಯು ದಂಡವನ್ನು ಹೇಳದೆ ಆಚಾರ್ಯಶಿಷ್ಯರ ಮರ್ಯಾದೆಯನ್ನು ಹೇಳಿದುದರ ಅಭಿಪ್ರಾಯವೂ ಇದೇ ಇರಬಹುದೆಂದು ತೋರುತ್ತದೆ. ಪ್ರಾಜ್ಞರು ಪರಾಮರ್ಶಿಸಬೇಕೆಂದು ವಿಜ್ಞಾಪನೆ.