ಆತಗೂರಿನ ಶಿಲಾಶಾಸನವೂ ಇಂಗ್ಲಿಷಿನ ಪೂರ್ಣಭೂತವೂ

ಮದ್ದೂರು ತಾಲ್ಲೂಕಿನ ಆತಗೂರು ನೋಡುವುದಕ್ಕೆ ಒಂದು ಸಾಮಾನ್ಯ ಗ್ರಾಮ. ಆದರೆ ಇತಿಹಾಸಜ್ಞರು ಆತಕೂರು ಎಂದು ಕರೆಯುವ ಈ ಊರಿನ ಶಾಸನವನ್ನು ಬಿಟ್ಟು ಹತ್ತನೆಯ ಶತಮಾನದ ದಕ್ಷಿಣ ದೇಶದ ಚರಿತ್ರೆಯನ್ನು ಬರೆಯಲಾಗದು. ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿದ್ದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಕಾದಾಡುತ್ತಿರುವ ಚಿತ್ರವನ್ನು ಅದರಲ್ಲಿ ಕೆತ್ತಿದ್ದಾರೆ. ಫ್ಲೀಟ್ ಮಹಾಶಯರೂ ರೈಸ್ ಮಹಾಶಯರೂ ಇದನ್ನು ಇಂಗ್ಲಿಷಿಗೆ ತಂದು ಒಂದು ಶತಮಾನಕ್ಕೂ ಮೀರಿದ ಕಾಲವಾಯಿತು.

ಕೆಲವು ತಿಂಗಳುಗಳ ಹಿಂದೆ, ಕಾಲೇಜಿನಲ್ಲಿ ಚರಿತ್ರೆಯನ್ನು ಓದುತ್ತಿರುವ ನನ್ನ ಮೊಮ್ಮಗನು ಈ ಶಾಸನದ ಸಾರವನ್ನು ಇಂಗ್ಲಿಷಿನಲ್ಲಿ ಬರೆದು, "ತಾತ, ಇದನ್ನೊಮ್ಮೆ ನೋಡಿ" ಎಂದು ನನ್ನ ಮುಂದಿಟ್ಟನು. ನಾನು ಓದಿದುದು ಸಂಸ್ಕೃತ ಪಾಠಶಾಲೆಯಲ್ಲಿ. ಇಂಗ್ಲಿಷನ್ನು ಕಲಿತುದು ಹೆಚ್ಚಾಗಿ ಮಕ್ಕಳಿಗೆ ಕಲಿಸುತ್ತ. ಆದರೂ ಎರಡು ವಾಕ್ಯಗಳು ನನ್ನ ಕಣ್ಣಿಗೆ ಚುಚ್ಚಿದವು. ಒಂದು, "ವೆನ್ ಕೃಷ್ಣ ಹ್ಯಾಡ್ ಫಾಟ್ ದಿ ಚೋಳ, ಬೂತುಗ ಕಿಲ್ಡ್ ರಾಜಾದಿತ್ಯ." ಇನ್ನೊಂದು, "ವೆನ್ ಬೂತುಗ ಕಿಲ್ಡ್ ರಾಚಮಲ್ಲ, ಹಿ ವಾಸ್ ರೂಲಿಂಗ್ ಗಂಗವಾಡಿ." ಹ್ಯಾಡ್ ಬೇಡವಾದಲ್ಲಿ ಬಂದಿತ್ತು, ಬೇಕಾದಲ್ಲಿ ಬಂದಿರಲಿಲ್ಲ. ಇದರಿಂದ ವ್ಯಾಕರಣ ಮಾತ್ರವೇ ಕೆಡಲಿಲ್ಲ, ಚರಿತ್ರೆಯೂ ಕೆಟ್ಟಿತು.

ನಮ್ಮವರಿಗೆ ಈ ತಪ್ಪು ಏಕೆ ಸಹಜವೆಂಬುದನ್ನು ಮೊದಲು ನೋಡೋಣ. "ನಿನ್ನೆ ಮಂಡ್ಯಕ್ಕೆ ಹೋಗಿದ್ದೆ" ಎನ್ನುತ್ತೇವೆ. ಆ "ಇದ್ದೆ"ಯನ್ನು ಹಾಗೆಯೇ ಹ್ಯಾಡ್ ಎಂದು ಬದಲಿಸುತ್ತೇವೆ. ಇಂಗ್ಲಿಷಿನವನಾದರೋ ಅಲ್ಲಿ ಬರಿಯ ಭೂತಕಾಲದಿಂದ ತೃಪ್ತನಾಗುವನು. ಅವನಿಗೆ ಪೂರ್ಣಭೂತವು ಬೇಕಾಗುವುದು ಹಿಂದಿನ ಒಂದು ಕಾಲದಲ್ಲಿ ನಿಂತು ಅದಕ್ಕೂ ಹಿಂದಿನದನ್ನು ನೋಡುವಾಗ. ಆಫ್ಟರ್, ಬಿಫೋರ್ ಎಂಬ ಶಬ್ದಗಳಿದ್ದರೆ ಅವೇ ಹಿಂದುಮುಂದನ್ನು ಹೇಳಿಬಿಡುತ್ತವೆ; ಹ್ಯಾಡ್ ಬಂದರೂ ಸರಿ, ಬಿಟ್ಟರೂ ಸರಿ. ವೆನ್ ಎಂಬುದು ಹಾಗಲ್ಲ. ಅದು "ಆಗುತ್ತಿದ್ದಾಗ", "ಆದೊಡನೆ", "ಆದ ಮೇಲೆ" ಎಂಬ ಮೂರಕ್ಕೂ ಒದಗುವ ಶಬ್ದ. ಆದುದರಿಂದ ಅದರ ಅಧೀನ ವಾಕ್ಯದಲ್ಲಿ ಕ್ರಿಯಾಪದವೇ ಕಾಲಕ್ರಮದ ಭಾರವನ್ನು ಹೊರಬೇಕು.

ಸಂಸ್ಕೃತದಲ್ಲಿ ಈ ಭಾರವನ್ನು ಕ್ತ್ವಾ ಪ್ರತ್ಯಯವು ಹೊರುತ್ತದೆ. ಎರಡು ಕ್ರಿಯೆಗಳಿಗೆ ಕರ್ತೃವು ಒಬ್ಬನೇ ಆಗಿದ್ದರೆ ಮೊದಲು ನಡೆದುದಕ್ಕೆ ಅದನ್ನು ಹಚ್ಚಬೇಕೆಂದು ಪಾಣಿನಿಯ ವಿಧಿ. ಕರ್ತೃಗಳು ಬೇರೆಯಾದರೆ ಸತಿಸಪ್ತಮಿ. ಕನ್ನಡದಲ್ಲಿ ಕ್ತ್ವಾ ಸ್ಥಾನದಲ್ಲಿ ಬಂದು, ಕಾದಿ, ಕೊಂದು ಎಂಬ ರೂಪಗಳು. ಸತಿಸಪ್ತಮಿಯ ಸ್ಥಾನದಲ್ಲಿ ಕಾದುವಲ್ಲಿ, ಕಾದುತ್ತಿರೆ ಎಂಬುವು. "ಬಾಯಿ ತೆರೆದು ಮಲಗುತ್ತಾನೆ" ಎಂಬಲ್ಲಿ ಪೂರ್ವಕಾಲವೆಲ್ಲಿದೆ ಎಂದು ವೈಯಾಕರಣರು ಆಗಲೇ ಚರ್ಚಿಸಿದ್ದಾರೆ. ಆ ಜಗಳಕ್ಕೆ ಈಗ ಹೋಗುವುದಿಲ್ಲ.

ಈಗ ಶಾಸನಕ್ಕೆ ಬರೋಣ. ಅದರ ಕೊನೆಯ ಭಾಗದಲ್ಲಿ ಎರಡು ಅಧೀನ ಕ್ರಿಯೆಗಳಿವೆ. ಬೂತುಗನು ಎರೆಯಪ್ಪನ ಮಗನಾದ ರಾಚಮಲ್ಲನನ್ನು ಕಾದಿ ಕೊಂದು ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದನು ಎಂಬುದೊಂದು. ಕನ್ನರದೇವನು, ಎಂದರೆ ರಾಷ್ಟ್ರಕೂಟರ ಮೂರನೆಯ ಕೃಷ್ಣನು, ಚೋಳನೊಡನೆ ಕಾದುವಾಗ ಬೂತುಗನು ರಾಜಾದಿತ್ಯನನ್ನು ಕೊಂದನು ಎಂಬುದು ಮತ್ತೊಂದು. ಮೊದಲನೆಯದು ಮುಗಿದ ಕ್ರಿಯೆ; ಅಲ್ಲಿ ಹ್ಯಾಡ್ ಇರಲೇಬೇಕು. ಎರಡನೆಯದು ಏಕಕಾಲದ್ದು, ಅಲ್ಲಿ ಹ್ಯಾಡ್ ಬಂದರೆ ಕೃಷ್ಣನ ಯುದ್ಧವು ಮುಗಿದ ಬಳಿಕ, ಕೈಸೋತು ನಿಂತ ಶತ್ರುವನ್ನು ಬೂತುಗನು ಕೊಂದಂತಾಗುವುದು. ರಾಚಮಲ್ಲನ ವಿಷಯದಲ್ಲಿ ಬೇರೆ ಪ್ರಮಾಣವೂ ಉಂಟು. 940ರ ದೇವಳಿ ತಾಮ್ರಶಾಸನವು ಕೃಷ್ಣನು ರಾಚಮಲ್ಲನನ್ನು ಕಿತ್ತು ಬೂತುಗನನ್ನು ನೆಟ್ಟ ಸಂಗತಿಯನ್ನು ವಿಷವೃಕ್ಷದ ರೂಪಕದಿಂದ ಹೇಳುತ್ತದೆ. ತಕ್ಕೋಲದ ಕಾಳಗಕ್ಕೆ ಒಂಬತ್ತು ವರ್ಷಗಳ ಹಿಂದೆಯೇ ಆ ಮಾತು ತಾಮ್ರಕ್ಕೆ ಏರಿತ್ತು. ಮೊಮ್ಮಗನ ವಾಕ್ಯವು ಆ ಒಂಬತ್ತು ವರ್ಷಗಳನ್ನು ನುಂಗಿಬಿಟ್ಟಿತ್ತು.

ಬೂತುಗನ ಮೇಲೆ ಅನುವಾದದಿಂದ ಅಪವಾದ ಬಂದುದು ಇದೇ ಮೊದಲಲ್ಲ. ಫ್ಲೀಟರು ಆರಂಭದಲ್ಲಿ "ಕಳನಾಗಿ" ಎಂಬ ಪದದಲ್ಲಿ ಕಳ್ಳತನವನ್ನು ಕಂಡು, ಆತನು ವಂಚನೆಯಿಂದ ಚೋಳನನ್ನು ಕೊಂದನೆಂದು ಬರೆದರು. ಕಳನೆಂದರೆ ರಣಭೂಮಿ, ಬಿಸುಗೆ ಎಂದರೆ ಆನೆಯ ಮೇಲಣ ಪೀಠ. ಆ ಪೀಠವೇ ರಣಭೂಮಿಯಾಯಿತೆಂಬುದು ತಾತ್ಪರ್ಯ. ಫ್ಲೀಟರು ಮುಂದೆ ತಾವೇ ತಿದ್ದಿಕೊಂಡರು. ವಿದ್ವಾಂಸನಿಗೆ ಭೂಷಣವಾದ ಗುಣವದು. ಚೋಳರ ಲೈಡನ್ ತಾಮ್ರಶಾಸನವೂ ರಾಜಾದಿತ್ಯನು ಗಜಾರೂಢನಾಗಿಯೇ ಮಡಿದನೆಂದು ಹೇಳುತ್ತದೆ.

ಇಷ್ಟರಲ್ಲಿ ಮೊಮ್ಮಗನು ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿದನು. ಶಾಸನದ ಆರಂಭದಲ್ಲಿ ರಾಜಾದಿತ್ಯನನ್ನು ಕೊಂದು ವಿಜಯಯಾತ್ರೆ ಮಾಡುತ್ತಿದ್ದವನು ಕೃಷ್ಣ. ಕೊನೆಯಲ್ಲಿ ಕೊಂದವನು ಬೂತುಗ. ಒಬ್ಬನನ್ನು ಇಬ್ಬರು ಕೊಲ್ಲುವುದು ಹೇಗೆ? ಮಾಡಿಸಿದವನೂ ಕರ್ತೃವೇ ಎಂಬುದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಕೆರೆಯನ್ನು ಕಟ್ಟಿದವನು ಅರಸನೆನ್ನುತ್ತೇವೆ, ಮಣ್ಣು ಹೊತ್ತವರು ಬೇರೆ. ಇಂಗ್ಲಿಷಿನಲ್ಲಿಯೂ ಹಾಗೆಯೇ ಹೇಳಬಹುದು. ಆದರೆ ಆರಂಭದ ಆ "ಕೊಂದು"ವನ್ನು ಹ್ಯಾಡ್ ಕಿಲ್ಡ್ ಎಂದೇ ತರಬೇಕು. ಏಕೆಂದರೆ ಅಲ್ಲಿ ನಡೆಯುತ್ತಿರುವುದು ಯಾತ್ರೆ, ಯುದ್ಧವು ಮುಗಿದುಹೋಗಿದೆ. ಶಾಸನದ ಶಕ 872ನೆಯ ಸೌಮ್ಯ ಸಂವತ್ಸರವು, ಎಂದರೆ ಕ್ರಿಸ್ತಶಕ 949-50, ನೇರವಾಗಿ ಹೊಂದುವುದು ಆ ಯಾತ್ರೆಗೆ. ಯುದ್ಧವು ಅದಕ್ಕೆ ಮೊದಲಿನದು. ಎಷ್ಟು ಮೊದಲಿನದೆಂಬುದನ್ನು "ಕೊಂದು" ಎಂಬ ರೂಪವು ಹೇಳದು. ಶಕ 871 ಕಳೆದು 872ನೆಯದು ನಡೆಯುತ್ತಿದ್ದ ವರ್ಷವೇ ಸೌಮ್ಯವೆಂಬುದನ್ನೂ ವಾಚಕರು ಗಮನಿಸಬೇಕು. ಗತವರ್ಷ, ವರ್ತಮಾನವರ್ಷಗಳನ್ನು ಬೆರಸಿದರೆ ಗಣಿತದಲ್ಲಿಯೂ ಇದೇ ತಪ್ಪು.

ಇನ್ನುಳಿದುದು ನಾಯಿಯ ಕಥೆ. ಮಣಲೇರನ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಡಿದುದನ್ನು ಕೊಡುವೆನೆಂದಾಗ, ಆತನು ಊರನ್ನೂ ಬೇಡಲಿಲ್ಲ, ಹೊನ್ನನ್ನೂ ಬೇಡಲಿಲ್ಲ; ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಹಾಗೆ ಬೇಡಿ ಪಡೆದಿದ್ದ ನಾಯಿಯನ್ನು (ಇಲ್ಲಿ ಹ್ಯಾಡ್ ಬೇಕು) ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ಹೆಬ್ಬಂದಿಯ ಮೇಲೆ ಬಿಟ್ಟನು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪವೆಂಬ ಶಾಪವನ್ನೂ ಕೆತ್ತಿಸಿದನು.

ಮೊಮ್ಮಗನು ಲೇಖನಿಯನ್ನು ಹಿಡಿದು, "ನಾಯಿ ಹಂದಿಯನ್ನು ಕೊಂದಿತ್ತು, ಆಮೇಲೆ ತಾನು ಸತ್ತಿತು, ಇಲ್ಲಿ ಹ್ಯಾಡ್ ಹಾಕಲೇ, ತಾತ?" ಎಂದನು. ಕಲ್ಲಿನ ಪಡಿಯಚ್ಚನ್ನು ಅವನ ಮುಂದಿಟ್ಟು "ಒಡಸತ್ತುವು" ಎಂಬ ಪದವನ್ನು ತೋರಿಸಿದೆನು. ಎರಡೂ ಒಡನೆ ಸತ್ತುವು. ಅವನು ಬರೆದಿದ್ದ ಹ್ಯಾಡನ್ನು ಹೊಡೆದುಹಾಕಿದನು.