ಹೂವಿಗೆ ಕಾಯುವವರು, ತೊಗಟೆ ನೋಡುವವರು

ಬೆಳಗಾವಿಯ ಕಣಗಲಾ, ಹುಕ್ಕೇರಿ ಕಡೆ ಮರಕ್ಕೂ 'ಗಿಡ' ಎಂದೇ ಅನ್ನುತ್ತಾರೆ. ಹೊಲದ ಒಡ್ಡಿನ ಮೇಲೆ ಅಂಥ ಎರಡು ಜಾಲಿಗಿಡ ನಿಂತಿದ್ದರೆ ಕುರಿ ಕಾಯುವವರು ದೂರದಿಂದಲೇ ಹೇಳಿಬಿಡುತ್ತಾರೆ: ತೊಗಟೆ ಕಪ್ಪಾಗಿ ಉದ್ದುದ್ದ ಬಿರಿದಿದ್ದರೆ ಕರಿಜಾಲಿ, ಮಾಸಲು ಬಿಳುಪಿದ್ದರೆ ಬಿಳಿಜಾಲಿ. ಸಸ್ಯಶಾಸ್ತ್ರಿ ಬಂದರೆ ಮೊದಲು ಕೇಳುವುದು ಹೂವನ್ನು. ಹಳದಿ ಗುಂಡಾದರೆ ಕರಿಜಾಲಿ, ಕೆನೆಬಣ್ಣವಾದರೆ ಬಿಳಿಜಾಲಿ. ತಮಾಷೆಯೆಂದರೆ, ಬಿಳಿಜಾಲಿಗೆ ಶಾಸ್ತ್ರ ಕೊಟ್ಟ 'ಲ್ಯುಕೊಫ್ಲೋಯಿಯ' ಎಂಬ ಹೆಸರಿಗೂ ಬಿಳಿತೊಗಟೆ ಎಂದೇ ಅರ್ಥ.

ಹೂವಿಗೆ ಈ ದೊಡ್ಡಸ್ತಿಕೆ ತಂದವನು ಲಿನೇಯಸ್. 1753ರ ತನ್ನ ಗ್ರಂಥದಲ್ಲಿ ಅವನು ಕೇಸರ ಎಣಿಸಿ ಗಿಡಗಳನ್ನು ವಿಂಗಡಿಸಿದ. ಆ ವಿಂಗಡಣೆ ಹಳತಾದರೂ ಹೂವಿನ ಪಟ್ಟ ಹೋಗಲಿಲ್ಲ. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ ನಮ್ಮ ಗಿಡಗಳು ಮೊದಲು ಸೇರಿದ್ದು 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್ ತಂದ ಬಾಂಬೆ ಫ್ಲೋರಾಕ್ಕೆ, ಆಮೇಲೆ ಥಿಯೋಡರ್ ಕುಕ್ ಅವರ ಗ್ರಂಥಕ್ಕೆ (1901–08). ಬಳ್ಳಾರಿಯ ಗಿಡ ಹುಡುಕಬೇಕಾದರೆ ಮದ್ರಾಸಿನ ಗ್ಯಾಂಬಲ್ ಪುಸ್ತಕ ತೆಗೆಯಬೇಕಿತ್ತು. ಒಂದೇ ಮುತ್ತಲಕ್ಕೆ ಎರಡು ಸರ್ಕಾರ! ಕರ್ನಾಟಕವನ್ನು ಒಂದಾಗಿ ಹಿಡಿದ ಸಲ್ಡಾನಾ ಅವರ ಸಂಪುಟಗಳು ಬಂದದ್ದು 1984 ಮತ್ತು 1996ರಲ್ಲಿ.

ಇವರ ನಡುವೆ ನನಗೆ ಮೆಚ್ಚಿಗೆಯಾದವರು ಟಾಲ್ಬಟ್. ಅವರು ಅರಣ್ಯಾಧಿಕಾರಿ. 1909–11ರ ಎರಡು ಸಂಪುಟಗಳಲ್ಲಿ ಹೂವಿನ ಜೊತೆಗೆ ತೊಗಟೆ, ಕಟ್ಟಿಗೆ, ಊರ ಹೆಸರುಗಳಿಗೂ ಜಾಗ ಕೊಟ್ಟರು. ಕಾಡಿನಲ್ಲಿ ನಡೆದವರಿಗೆ ಕಾರಣ ಗೊತ್ತು. ಬೇಸಿಗೆಯಲ್ಲಿ ಬಯಲು ಸೀಮೆಯ ಗುಡ್ಡದಲ್ಲಿ ಎಲೆ ಉದುರಿ ಮುತ್ತಲವೊಂದೇ ಕೆಂಪಗೆ ಉರಿಯುವಾಗ ಮತ್ತಿ, ದಿಂಡಲಗಳನ್ನು ಗುರುತಿಸುವುದು ಹೇಗೆ? ಮತ್ತಿಯ ತೊಗಟೆ ಮೊಸಳೆಯ ಬೆನ್ನು, ಚೌಕಚೌಕ ಬಿರಿದದ್ದು. ದಿಂಡಲದ್ದು ನುಣುಪು, ಬೂದುಬಿಳಿ. ಎಲೆ ಚಿಗುರಿದ ಮೇಲೆ ಮತ್ತಿಯ ಎಲೆಯ ಅಡಿಯಲ್ಲಿ, ತೊಟ್ಟಿನ ಹತ್ತಿರ, ಎರಡು ಗಂಟು ಸಿಕ್ಕರೆ ಅನುಮಾನ ಮುಗಿಯಿತು.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಈ ವಿದ್ಯೆಯನ್ನು ನಗುನಗುತ್ತ ಕನ್ನಡ ಓದುಗರ ಮನೆಗೆ ತಂದಿತು; 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1987ರಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಮತ್ತು ರಮೇಶ್ ಹೂವಿಲ್ಲದೆಯೂ, ಎಲೆ, ತೊಗಟೆ, ಒಸರುವ ಹಾಲು ನೋಡಿಯೇ ಮರ ಗುರುತಿಸುವ ಕೈಪಿಡಿ ತಂದರು. ಆದರೆ ಅದು ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿಗೆ. ಮಳೆಕಾಡಿಗೆ ಸಿಕ್ಕ ಈ ಅಕ್ಕರೆ ಜಾಲಿಯ ಸೀಮೆಗೂ ಸಿಗಬೇಕಿತ್ತು. ಈಗಿನ ಪ್ಲಾಂಟ್‌ನೆಟ್‌ನಂಥ ಆ್ಯಪ್‌ಗಳು ಎಲೆ, ಹೂ, ಕಾಯಿಯ ಜೊತೆ ತೊಗಟೆಯ ಚಿತ್ರವನ್ನೂ ಕೇಳುತ್ತವೆ.

ಗಡಿಯ ಕಣಗಲಾದಲ್ಲಿ ದಸರೆಗೆ ಇನ್ನೊಂದು ಪರೀಕ್ಷೆ. 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಎಂದು ನಾವು ಕೊಡುವುದು ಮುಳ್ಳುಗಿಡದ ಪುಟ್ಟಪುಟ್ಟ ಎಲೆ. ಮಹಾರಾಷ್ಟ್ರದವರ 'ಸೋನೆ' ಆಪಟೆಯದು, ಒಂದೇ ಎಲೆ ತುದಿಯಲ್ಲಿ ಎರಡಾಗಿ ಸೀಳಿದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಅವರೆಯ ಕುಟುಂಬದವೇ.