ಶೀಹಿ ಮನೆತನದ ಇಬ್ಬರು ಅಳಿಯಂದಿರು

1916ನೆಯ ಇಸವಿಯಲ್ಲಿ, ಐದು ತಿಂಗಳು ತುಂಬುವ ಮುಂಚೆಯೇ, ಡಬ್ಲಿನ್ನಿನ ಡೇವಿಡ್ ಶೀಹಿಯ ಇಬ್ಬರು ಹೆಣ್ಣುಮಕ್ಕಳು ವಿಧವೆಯರಾದರು. ಹಿರಿಯ ಮಗಳು ಹ್ಯಾನ್ನಾಳ ಗಂಡನನ್ನು ಬ್ರಿಟಿಷ್ ಸೈನಿಕರು ಗುಂಡಿಕ್ಕಿ ಕೊಂದರು. ತಂಗಿ ಮೇರಿಯ ಗಂಡ ಅದೇ ಸೈನ್ಯದ ಸಮವಸ್ತ್ರ ತೊಟ್ಟು ಫ್ರಾನ್ಸಿನ ರಣರಂಗದಲ್ಲಿ ಸತ್ತ. ಷಡ್ಡಕರಿಬ್ಬರೂ ಐರ್ಲೆಂಡಿಗೆ ಸ್ವಾಧಿಕಾರ ಬೇಕೆಂದವರೇ. ಮೊದಲನೆಯವನನ್ನು ಜನ ಹುತಾತ್ಮನೆಂದರು. ಎರಡನೆಯವನನ್ನು ಏನೆಂದು ಕರೆಯಬೇಕೆಂಬುದು ಅವನ ನಾಡಿಗೆ ಬಹುಕಾಲ ತಿಳಿಯಲಿಲ್ಲ. ಅವನೇ ಟಾಮ್ ಕೆಟ್ಲ್.

ಕೆಟ್ಲ್ ಹುಟ್ಟಿದ್ದು 1880ರಲ್ಲಿ, ಡಬ್ಲಿನ್ ಪ್ರಾಂತ್ಯದ ಒಂದು ರೈತ ಮನೆತನದಲ್ಲಿ. ತಂದೆ ಆಂಡ್ರೂ ಕೆಟ್ಲ್, ಜಮೀನುದಾರರ ದಬ್ಬಾಳಿಕೆಯ ವಿರುದ್ಧ 1879ರಲ್ಲಿ ಗೇಣಿದಾರರ ಪರವಾಗಿ ಎದ್ದ ಲ್ಯಾಂಡ್ ಲೀಗಿನ ಸ್ಥಾಪಕರಲ್ಲೊಬ್ಬ. ಮಗ ಕಾನೂನು ಓದಿದ, ಪತ್ರಿಕೆ ನಡೆಸಿದ, 1906ರಲ್ಲಿ ಈಸ್ಟ್ ಟೈರೋನ್ ಕ್ಷೇತ್ರದಿಂದ ಕೇವಲ 18 ಮತಗಳ ಅಂತರದಲ್ಲಿ ಗೆದ್ದು ಲಂಡನ್ ಪಾರ್ಲಿಮೆಂಟಿಗೆ ಹೋದ. ಮುಂದೆ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾದ. ಮಾತಿನಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲಿ ವಿರಳ. ಕುಡಿತದ ಚಟವೂ ಇತ್ತು. ಅದನ್ನು ಮರೆಮಾಚಿ ಬರೆಯುವುದರಲ್ಲಿ ಅರ್ಥವಿಲ್ಲ.

ಶೀಹಿಯವರದೂ ರಾಜಕೀಯದ ಮನೆಯೇ. ಡೇವಿಡ್ ಶೀಹಿ ಪಾರ್ಲಿಮೆಂಟ್ ಸದಸ್ಯ. ಅವನ ಮನೆಗೆ ಹಾಡು, ಹರಟೆಗಾಗಿ ಬರುತ್ತಿದ್ದ ವಿದ್ಯಾರ್ಥಿಗಳಲ್ಲಿ ಮುಂದೆ ಲೋಕವಿಖ್ಯಾತನಾದ ಜೇಮ್ಸ್ ಜಾಯ್ಸ್ ಕೂಡ ಒಬ್ಬ. ಹ್ಯಾನ್ನಾ ಮದುವೆಯಾದದ್ದು ಫ್ರಾನ್ಸಿಸ್ ಸ್ಕೆಫಿಂಗ್ಟನ್ ಎಂಬವನನ್ನು. ಶಾಂತಿವಾದಿ, ಶಾಕಾಹಾರಿ, ಮದ್ಯ ಮುಟ್ಟದವನು. ಸ್ತ್ರೀಪುರುಷರು ಸಮಾನರೆಂದು ಬಾಯಲ್ಲಿ ಹೇಳಿ ಸುಮ್ಮನಾಗದೆ, ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಶೀಹಿ-ಸ್ಕೆಫಿಂಗ್ಟನ್ ಆದ! ಮೇರಿ ಕೆಟ್ಲ್‌ನ ಕೈಹಿಡಿದದ್ದು 1909ರ ಸೆಪ್ಟೆಂಬರ್ 8ರಂದು.

ಇಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರು ಬರುತ್ತದೆ. ಹ್ಯಾನ್ನಾಳೊಡನೆ ಸೇರಿ 1908ರಲ್ಲಿ ಐರಿಷ್ ಸ್ತ್ರೀಯರ ಮತಾಧಿಕಾರ ಸಂಘವನ್ನು ಕಟ್ಟಿದಾಕೆ ಮಾರ್ಗರೆಟ್ ಕಸಿನ್ಸ್. ಆಕೆಯ ಪತಿ ಜೇಮ್ಸ್ ಕಸಿನ್ಸ್ ಮತ್ತು ಫ್ರಾನ್ಸಿಸ್ ಇಬ್ಬರೂ ಸೇರಿ 1912ರಲ್ಲಿ 'ಐರಿಷ್ ಸಿಟಿಜನ್' ಪತ್ರಿಕೆಯನ್ನು ಆರಂಭಿಸಿದರು. 1915ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಕಸಿನ್ಸ್ ದಂಪತಿಗಳು ಇವರೇ. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಕವನಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದವರೂ ಇದೇ ಜೇಮ್ಸ್ ಕಸಿನ್ಸ್.

ಇನ್ನು ಯುದ್ಧದ ಮಾತು. 1914ರ ಬೇಸಗೆಯಲ್ಲಿ ಕೆಟ್ಲ್ ಬೆಲ್ಜಿಯಮ್ಮಿನಲ್ಲಿದ್ದ. ಹೋದದ್ದು ಐರಿಷ್ ಸ್ವಯಂಸೇವಕ ದಳಕ್ಕೆ ಬಂದೂಕು ಕೊಳ್ಳಲು. ಅಷ್ಟರಲ್ಲಿ ಮಹಾಯುದ್ಧ ಸಿಡಿಯಿತು. ಜರ್ಮನ್ ಸೇನೆ ಆ ಚಿಕ್ಕ ದೇಶವನ್ನು ತುಳಿದದ್ದನ್ನು ಅವನು ಪತ್ರಿಕಾ ವರದಿಗಾರನಾಗಿ ಕಣ್ಣಾರೆ ಕಂಡ. ಚಿಕ್ಕ ದೇಶವೊಂದರ ಉಳಿವಿಗಾಗಿ ಕಾದಿದರೆ ತನ್ನ ಚಿಕ್ಕ ದೇಶಕ್ಕೂ ನ್ಯಾಯ ದೊರೆತೀತೆಂದು ನಂಬಿ ಊರಿಗೆ ಮರಳಿ ಸೈನ್ಯ ಸೇರಿದ. ಅದೇ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಸ್ವಾಧಿಕಾರದ ಕಾಯಿದೆ, ಅಂದರೆ ಹೋಮ್ ರೂಲ್, ಅಂಗೀಕಾರವಾಯಿತು. ಆದರೆ ಜಾರಿಯನ್ನು ಮುಂದೂಡಲಾಯಿತು. ಆ ಭರವಸೆಯನ್ನು ನಂಬಿ ಊರೂರು ಸುತ್ತಿ ಸೈನ್ಯಕ್ಕೆ ಸೇರಿರೆಂದು ಭಾಷಣ ಮಾಡಿದ. ಫ್ರಾನ್ಸಿಸ್ ಇದಕ್ಕೆ ತದ್ವಿರುದ್ಧ. ಸೈನ್ಯಕ್ಕೆ ಸೇರಬೇಡಿರೆಂದು ಭಾಷಣ ಮಾಡಿ ಸೆರೆಮನೆ ಕಂಡ.

1916ರ ಏಪ್ರಿಲ್ 24ರಂದು ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ಎದ್ದಿತು. ಫ್ರಾನ್ಸಿಸ್ ದಂಗೆಕೋರನಲ್ಲ. ಅಂಗಡಿಗಳ ಲೂಟಿಯನ್ನು ತಡೆಯಲು ಜನರನ್ನು ಕೂಡಿಸುತ್ತಿದ್ದ. ಮರುದಿನ ಸಂಜೆ ಮನೆಯ ಕಡೆ ನಡೆದು ಹೋಗುತ್ತಿದ್ದಾಗ ಹಿಡಿದು ಪೋರ್ಟೊಬೆಲ್ಲೊ ಬ್ಯಾರಕ್ಸಿಗೆ ಒಯ್ದರು. 26ರ ಬೆಳಿಗ್ಗೆ ಕ್ಯಾಪ್ಟನ್ ಬೋವೆನ್-ಕೋಲ್ಥರ್ಸ್ಟ್ ಎಂಬ ಅಧಿಕಾರಿ ಯಾವ ವಿಚಾರಣೆಯೂ ಇಲ್ಲದೆ ಅವನನ್ನೂ ಇಬ್ಬರು ಪತ್ರಕರ್ತರನ್ನೂ ಗೋಡೆಯೆದುರು ನಿಲ್ಲಿಸಿ ಗುಂಡು ಹಾರಿಸಿಸಿದ. ಸೇನಾ ನ್ಯಾಯಾಲಯ ಆ ಅಧಿಕಾರಿ ತಪ್ಪಿತಸ್ಥನಾದರೂ ಬುದ್ಧಿಭ್ರಮಣೆಯಾದವನೆಂದು ತೀರ್ಮಾನಿಸಿತು. ಪರಿಹಾರದ ಹಣ ಬೇಡವೆಂದಳು ಹ್ಯಾನ್ನಾ.

ಷಡ್ಡಕನನ್ನು ಕೊಂದ ಸೈನ್ಯದ ಸಮವಸ್ತ್ರ ಕೆಟ್ಲ್‌ನ ಮೈಮೇಲಿತ್ತು. ದಂಗೆ ತನ್ನ ಜೀವಮಾನದ ಕನಸನ್ನು ಕೆಡಿಸಿತೆಂದು ಅವನಿಗೆ ಸಿಟ್ಟು. ದಂಗೆಯ ನಾಯಕರನ್ನು ಸಾಲಾಗಿ ಗುಂಡಿಕ್ಕಿದಾಗ ಅದಕ್ಕಿಂತ ಹೆಚ್ಚಿನ ದುಃಖ. ಅವರನ್ನು ನಾಡು ವೀರರೆಂದು ನೆನೆಯುವುದು, ತನ್ನನ್ನು ಬರಿಯ ಬ್ರಿಟಿಷ್ ಅಧಿಕಾರಿಯೆಂದು ಎಣಿಸುವುದು ಎಂದು ಆಗಲೇ ಅರಿತಿದ್ದ. ಆದರೂ ಜುಲೈಯಲ್ಲಿ ರಣರಂಗಕ್ಕೆ ಹೊರಟ. ಇದನ್ನು ಹಟವೆನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನ ಭಾಷಣ ಕೇಳಿ ಸೈನ್ಯ ಸೇರಿದ ಹುಡುಗರು ಕಂದಕಗಳಲ್ಲಿರುವಾಗ ತಾನು ಮಾತ್ರ ಮನೆಯಲ್ಲಿ ಉಳಿಯುವುದು ಹೇಗೆ? ಆರೋಗ್ಯ ಕೆಟ್ಟು ಮುಂಚೂಣಿಯಿಂದ ಹಿಂದೆ ಸರಿಯುವ ಅವಕಾಶ ಬಂದಾಗಲೂ ತನ್ನ ತುಕಡಿಯನ್ನು ಬಿಟ್ಟು ಬರಲಿಲ್ಲ.

ಸೆಪ್ಟೆಂಬರ್ 4ರಂದು, ಸೊಮ್ ರಣರಂಗದಲ್ಲಿ, ಮೂರು ವರ್ಷದ ಮಗಳು ಬೆಟ್ಟಿಗಾಗಿ ಹದಿನಾಲ್ಕು ಸಾಲಿನ ಒಂದು ಕವನ ಬರೆದ. ಅಪ್ಪ ನಿನ್ನನ್ನು ಬಿಟ್ಟು ಏಕೆ ಹೋದನೆಂದು ಮುಂದೆ ನೀನು ಕೇಳುವೆ ಎಂಬುದೇ ಅದರ ವಸ್ತು. 8ನೆಯ ತಾರೀಖು ಮದುವೆಯ ಏಳನೆಯ ವಾರ್ಷಿಕ ದಿನ. 9ರ ಸಂಜೆ ಗಿಂಚಿ ಎಂಬ ಹಳ್ಳಿಯ ಮೇಲೆ ನುಗ್ಗುವಾಗ ಗುಂಡು ತಗುಲಿ ಸತ್ತ. ವಯಸ್ಸು 36. ಗುರುತಿಸಿದ ಗೋರಿಯಿಲ್ಲ, ಥೀಪ್‌ವಾಲ್ ಸ್ಮಾರಕದ 72,000ಕ್ಕೂ ಮಿಕ್ಕಿದ ಹೆಸರುಗಳಲ್ಲಿ ಅವನದೊಂದು. ವೃದ್ಧ ತಂದೆಯೂ ಅದೇ ತಿಂಗಳು ತೀರಿಕೊಂಡ. ಅಂದು ಕೆಟ್ಲ್‌ನ ಜೊತೆಗಿದ್ದ ಹದಿನೆಂಟರ ಹುಡುಗ ಎಮೆಟ್ ಡಾಲ್ಟನ್ ಆ ಕಾಳಗದ ಶೌರ್ಯಕ್ಕಾಗಿ ಬ್ರಿಟಿಷರ ಪದಕ ಪಡೆದು, ಮುಂದೆ ಅದೇ ಬ್ರಿಟಿಷರ ವಿರುದ್ಧ ಮೈಕೆಲ್ ಕಾಲಿನ್ಸನ ಬಂಟನಾದ.

1918ರ ಚುನಾವಣೆಯಲ್ಲಿ ಕೆಟ್ಲ್‌ನ ಪಕ್ಷ ಕೊಚ್ಚಿಹೋಯಿತು. ಐರ್ಲೆಂಡಿನ 105 ಸ್ಥಾನಗಳಲ್ಲಿ ಅದಕ್ಕೆ ಸಿಕ್ಕಿದ್ದು 6, ಶಿನ್ ಫೇನ್ ಪಕ್ಷಕ್ಕೆ 73. ಹೊಸ ರಾಷ್ಟ್ರಕ್ಕೆ ಕೆಟ್ಲ್ ಮುಜುಗರದ ಹೆಸರಾದ. ಗೆಳೆಯರು ಮಾಡಿಸಿದ ಅವನ ಎದೆಮಟ್ಟದ ಪ್ರತಿಮೆ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನವನ್ನು ಸೇರಲು 1937 ಬರಬೇಕಾಯಿತು. ಕೆಳಗೆ ಯಾವ ಅಕ್ಷರ ಕೆತ್ತಬೇಕೆಂಬುದರ ಮೇಲೆ ಸರಕಾರಿ ಆಕ್ಷೇಪಣೆ! ಕಡತಗಳ ನಡಿಗೆಯನ್ನು ದಿನವೂ ನೋಡುವ ನನ್ನಂಥವನಿಗೆ ಇದು ಅಚ್ಚರಿಯಲ್ಲ. ಕೊನೆಗೆ ಅನಾವರಣ ಸಮಾರಂಭವೂ ಇಲ್ಲದೆ ನಿಲ್ಲಿಸಿದರು.

ಮೇರಿ ಮರುಮದುವೆಯಾಗಲಿಲ್ಲ. ಪ್ರತಿಮೆ ನಿಂತ ಅದೇ 1937ರಲ್ಲಿ, ಹೆಣ್ಣಿನ ಸ್ಥಾನ ಮನೆಯೊಳಗೆ ಎಂಬ ಧಾಟಿಯ ಕಲಮುಗಳು ಹೊಸ ಸಂವಿಧಾನದ ಕರಡಿನಲ್ಲಿ ಬಂದಾಗ, ಅವನ್ನು ವಿರೋಧಿಸಿದ ಮಹಿಳೆಯರ ಮುಂಚೂಣಿಯಲ್ಲಿ ಅಕ್ಕತಂಗಿಯರಿಬ್ಬರೂ ಇದ್ದರು. ಹ್ಯಾನ್ನಾ 1946ರಲ್ಲಿ ತೀರಿಕೊಂಡಳು. ಮೇರಿ 1967ರವರೆಗೆ ಬದುಕಿದ್ದಳು.